ದುಡಿದ ಮೈ, ಪಳಗಿದ ಮೈ

“ತಾಕತ್ತದ, ದಮ್ಮಿಲ್ಲ.” ಕಲಬುರಗಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಕಣದ ಸುತ್ತ ಕುಳಿತ ಹಿರಿಯರು ಒಬ್ಬ ಪೈಲ್ವಾನನ ಬಗ್ಗೆ ಎರಡೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಇನ್ನೊಬ್ಬನನ್ನು ನೋಡಿ “ದಮ್ಮು ಭಾಳ ಅದ, ಆದ್ರ ಚಲಾಕಿ ಇಲ್ಲ” ಎನ್ನುತ್ತಾರೆ. ಭಾರ ಎತ್ತುವ ಬಲ ತಾಕತ್ತು, ಉಸಿರು ಬಿಗಿಹಿಡಿದು ಕೊನೆಯವರೆಗೆ ತಾಳುವುದು ದಮ್ಮು, ಎದುರಾಳಿ ರೆಪ್ಪೆ ಬಡಿಯುವುದರೊಳಗೆ ಎರಗುವುದು ಚಲಾಕಿ. ಒಂದೇ ಮೈಯಲ್ಲಿ ಈ ಮೂರೂ ಬೇರೆ ಬೇರೆ ಗುಣಗಳು, ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ ಎಂಬುದನ್ನು ನಮ್ಮ ಊರಿನ ಮಾತು ಎಂದೋ ಕಂಡುಕೊಂಡಿತ್ತು. ಅದು ಏಕೆ ಹಾಗೆ ಎಂದು ವಿವರಿಸಲು ವಿಜ್ಞಾನಕ್ಕೆ ಇಡೀ ಇಪ್ಪತ್ತನೆಯ ಶತಮಾನ ಬೇಕಾಯಿತು.

ಈ ವಿವರಣೆ ಪೈಲ್ವಾನರಿಗೆ ಮಾತ್ರ ಬೇಕಾದದ್ದಲ್ಲ. ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಕಾಳುಕಡಿಯ ಪೇಟೆ ನೆಹರು ಗಂಜಿಗೆ ಹೋಗಿ ನೋಡಿ. 50 ಕಿಲೋ ಚೀಲವನ್ನು ಬೆನ್ನಿಗೇರಿಸಿ ಹಲಗೆಯ ಮೇಲೆ ಲಾರಿ ಹತ್ತುವ ಹಮಾಲರ ಸಾಲು ಸಂಜೆಯವರೆಗೂ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಸುತ್ತು ಹಾಕುತ್ತಿರುತ್ತಾರೆ. ಇಬ್ಬರದೂ ಸ್ನಾಯುವಿನ ಕೆಲಸವೇ. ಹುಡುಗ ಆರು ತಿಂಗಳಲ್ಲಿ ಗಟ್ಟಿಯಾಗುತ್ತಾನೆ. ಹಮಾಲನೋ ನಲವತ್ತೈದಕ್ಕೇ ನಡು ಹಿಡಿದುಕೊಂಡು ಕೂರುತ್ತಾನೆ. ಹೆಚ್ಚು ಶ್ರಮಪಟ್ಟವನೇ ಹೆಚ್ಚು ಸವೆಯುವುದು ಏಕೆ? ಸ್ನಾಯು ಹೇಗೆ ದುಡಿಯುತ್ತದೆ, ಹೇಗೆ ದಣಿಯುತ್ತದೆ, ಹೇಗೆ ಬೆಳೆಯುತ್ತದೆ ಎಂಬುದರ ಬಗ್ಗೆ ಇಂದು ತಿಳಿದಿರುವುದನ್ನೆಲ್ಲ ಈ ಒಂದು ಪ್ರಶ್ನೆಯ ಸುತ್ತ ಜೋಡಿಸಿ ನೋಡುವುದು ಈ ಲೇಖನದ ಉದ್ದೇಶ.

ಎಳೆಯೊಳಗಿನ ಎಳೆದಾಟ

ನಮ್ಮ ಮೈಯಲ್ಲಿ ಎಲುಬಿಗೆ ಅಂಟಿಕೊಂಡ ಸ್ನಾಯುಗಳು 600ಕ್ಕೂ ಹೆಚ್ಚು. ಆರೋಗ್ಯವಂತ ಗಂಡಸಿನ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಪಾಲು ಇವುಗಳದೇ; ಹೆಂಗಸರಲ್ಲಿ ಅದಕ್ಕಿಂತ ತುಸು ಕಡಿಮೆ. ಸ್ನಾಯುವಿಗೆ ಗೊತ್ತಿರುವುದು ಎಳೆಯುವುದು ಒಂದೇ, ತಳ್ಳುವುದು ಗೊತ್ತಿಲ್ಲ. ನಾವು ಕೈಯಿಂದ ಬಾಗಿಲು ತಳ್ಳುವಾಗಲೂ ತೋಳಿನ ಹಿಂಬದಿಯ ಸ್ನಾಯು ಮೊಳಕೈ ಎಲುಬನ್ನು ತನ್ನತ್ತ ಎಳೆಯುತ್ತಿರುತ್ತದೆ. ಆದ್ದರಿಂದಲೇ ಪ್ರತಿ ಕೀಲಿಗೂ ಎದುರುಬದುರು ನಿಂತ ಸ್ನಾಯುಗಳು ಬೇಕು. ಒಂದು ಮಡಚಿದರೆ ಇನ್ನೊಂದು ಚಾಚುತ್ತದೆ.

ಸ್ನಾಯುವನ್ನು ಬಿಡಿಸುತ್ತ ಹೋದರೆ ಹಗ್ಗದೊಳಗೆ ಹುರಿ, ಹುರಿಯೊಳಗೆ ನಾರು ಕಂಡ ಹಾಗೆ ಕಟ್ಟಿನೊಳಗೆ ಕಟ್ಟು ಕಾಣುತ್ತದೆ. ತೀರ ಒಳಗಿನ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಬಿಳುಪು ಪಟ್ಟೆಗಳು. ಒಂದು ಪಟ್ಟೆಯ ಜೋಡಿಗೆ ಸಾರ್ಕೋಮಿಯರ್ ಎಂದು ಹೆಸರು, ಉದ್ದ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಹತ್ತು ಸೆಂಟಿಮೀಟರ್ ಉದ್ದದ ಒಂದು ಎಳೆಯಲ್ಲಿ ಇಂಥವು ನಲವತ್ತು ಸಾವಿರದಷ್ಟು ಸಾಲಾಗಿ ನಿಂತಿರುತ್ತವೆ. ಎಳೆ ಮೋಟಾಗುವಾಗ ಅದರೊಳಗಿನ ಪ್ರೋಟೀನುಗಳು ಸುಕ್ಕುಗಟ್ಟುತ್ತವೆ ಎಂದು ಬಹುಕಾಲ ನಂಬಲಾಗಿತ್ತು. 1954ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದನ್ನು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಬರೆದಿದ್ದರು, ಇನ್ನೊಂದನ್ನು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ, ಇಬ್ಬರ ದಾರಿಯೂ ಬೇರೆ; ಕಂಡ ಸತ್ಯ ಒಂದೇ. ಯಾವ ಎಳೆಯೂ ಸುಕ್ಕುಗಟ್ಟುವುದಿಲ್ಲ. ಮಯೋಸಿನ್ ಎಂಬ ದಪ್ಪ ಎಳೆಗಳು ಆಕ್ಟಿನ್ ಎಂಬ ತೆಳು ಎಳೆಗಳನ್ನು ಹಿಡಿದೆಳೆದು ಒಂದರ ಮೇಲೊಂದು ಜಾರಿಸುತ್ತವೆ.

ಬಾವಿಯಿಂದ ಕೊಡ ಸೇದುವ ಕೈಗಳನ್ನು ನೆನೆಯಿರಿ. ಒಂದು ಕೈ ಹಗ್ಗ ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮುಂದಿನ ಗೇಣನ್ನು ಹಿಡಿಯುತ್ತದೆ. ಮಯೋಸಿನ್‌ನ ಒಂದೊಂದು ಎಳೆಗೂ ಅಂಥ ನೂರಾರು ಕೈಗಳಿವೆ. ಹಗ್ಗ ಬಿಟ್ಟು ಮತ್ತೆ ಹಿಡಿಯಲು ಪ್ರತಿ ಸಲವೂ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಒಂದೊಂದು ಕಣ ಖರ್ಚಾಗುತ್ತದೆ. ಸತ್ತ ಮೇಲೆ ಹೆಣ ಸೆಟೆದುಕೊಳ್ಳುವುದಕ್ಕೂ ಇದೇ ಕಾರಣ: ಎಟಿಪಿ ಮುಗಿದಿದೆ, ಹಿಡಿದ ಕೈಗಳು ಬಿಡಲಾರವು. ಎಳೆಯಲು ಮಾತ್ರವಲ್ಲ, ಹಿಡಿತ ಸಡಿಲಿಸಲೂ ಸ್ನಾಯುವಿಗೆ ಶಕ್ತಿ ಬೇಕು.

ನರದ ಅಪ್ಪಣೆ

ಮೀನಖಂಡ ಬಿಗಿದುಕೊಂಡಾಗ ನಾವು “ನರ ಹಿಡಕೊಂಡದ” ಎನ್ನುತ್ತೇವೆ. ಶರೀರಶಾಸ್ತ್ರದ ಪ್ರಕಾರ ಹಿಡಿದುಕೊಂಡದ್ದು ಸ್ನಾಯು, ನರವಲ್ಲ. ಆದರೆ ಆ ಮಾತಿನಲ್ಲೊಂದು ತಿರುಳಿದೆ. ನರದ ಅಪ್ಪಣೆ ಇಲ್ಲದೆ ಕೈಕಾಲಿನ ಯಾವ ಸ್ನಾಯುವೂ ಅಲುಗುವುದಿಲ್ಲ. ಬೆನ್ನುಹುರಿಯಿಂದ ಹೊರಟ ಒಂದು ನರಕೋಶ ತನ್ನ ಕವಲುಗಳ ಮೂಲಕ ಕೆಲವು ಎಳೆಗಳನ್ನು ಆಳುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಒಂದು ನರದ ಕೆಳಗೆ ಹತ್ತಾರು ಎಳೆಗಳಾದರೆ, ತೊಡೆಯ ಸ್ನಾಯುವಿನಲ್ಲಿ ನೂರಾರಿಂದ ಸಾವಿರದಾಚೆಗೆ. ಸೂಕ್ಷ್ಮ ಕೆಲಸಕ್ಕೆ ಸಣ್ಣ ತಂಡ, ಭಾರದ ಕೆಲಸಕ್ಕೆ ದೊಡ್ಡ ತಂಡ. ನರ ಮತ್ತು ಅದರ ಎಳೆಗಳು ಒಟ್ಟಾಗಿ ಒಂದು ಘಟಕ ಎಂಬ ಕಲ್ಪನೆ ಕೊಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್, 1932ರ ನೊಬೆಲ್ ಪುರಸ್ಕೃತರು.

ಈ ತಂಡಗಳನ್ನು ಮಿದುಳು ಕೆಲಸಕ್ಕೆ ಕರೆಯುವ ಒಂದು ಕ್ರಮವಿದೆ. ಎಲ್ವುಡ್ ಹೆನ್ನೆಮನ್ 1960ರ ದಶಕದಲ್ಲಿ ತೋರಿಸಿದಂತೆ ಮೊದಲು ಸಣ್ಣವು, ಭಾರ ಹೆಚ್ಚಿದ ಹಾಗೆ ದೊಡ್ಡವು. ಸಣ್ಣ ತಂಡಗಳ ಎಳೆಗಳು ನಿಧಾನವಾಗಿ ಎಳೆಯುತ್ತವೆ, ಬೇಗ ದಣಿಯುವುದಿಲ್ಲ. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ತುಂಬಿಕೊಂಡಿರುವುದರಿಂದ ಅವು ಕೆಂಪು. ದೊಡ್ಡ ತಂಡಗಳ ಎಳೆಗಳು ಬಿಳಿಚಿಕೊಂಡಿರುತ್ತವೆ, ಮಿಂಚಿನಂತೆ ಎಳೆಯುತ್ತವೆ, ಬಹುಬೇಗ ಸೋಲುತ್ತವೆ. ಇವೆರಡರ ನಡುವೆ ವೇಗವನ್ನೂ ತಾಳಿಕೆಯನ್ನೂ ಸ್ವಲ್ಪ ಸ್ವಲ್ಪ ಪಡೆದ ಮೂರನೆಯ ಬಗೆ ಇದೆ. ಊರ ಹಿರಿಯರ ದಮ್ಮು ಕೆಂಪು ಎಳೆಗಳ ಗುಣ, ಚಲಾಕಿ ಬಿಳಿ ಎಳೆಗಳ ಗುಣ. ತಾಕತ್ತು ಎಷ್ಟು ತಂಡಗಳನ್ನು ಒಟ್ಟಿಗೆ ಕರೆಯಬಲ್ಲೆವು, ಒಂದೊಂದು ಎಳೆಯೂ ಎಷ್ಟು ದಪ್ಪವಿದೆ ಎಂಬುದರ ಲೆಕ್ಕ.

ದೂರದ ಓಟದಲ್ಲಿ ಮೇಲೇರಿದವರ ಕಾಲಿನಲ್ಲಿ ನಿಧಾನದ ಎಳೆಗಳು, ನೂರು ಮೀಟರ್ ಓಟಗಾರರಲ್ಲಿ ವೇಗದ ಎಳೆಗಳು ಹೆಚ್ಚಿರುತ್ತವೆ. ಈ ಪಾಲು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ತಾಲೀಮಿನಿಂದ ಎಳೆಯ ಗುಣ ಸ್ವಲ್ಪ ಆಚೀಚೆ ಆದೀತು. ಪೂರಾ ನಿಧಾನದ್ದು ಪೂರಾ ವೇಗದ್ದಾಗಿ ಬದಲಾಗುವುದು ಕಷ್ಟ. ಮಕ್ಕಳನ್ನು ಮೈದಾನಕ್ಕೆ ಕಳಿಸುವ ಪಾಲಕರು ಇದನ್ನು ನೆನಪಿಡಬೇಕು. ಓಟದಲ್ಲಿ ಹಿಂದೆ ಬಿದ್ದ ಮಗು ಸೋಮಾರಿ ಆಗಿರಬೇಕೆಂದಿಲ್ಲ. ಅದರ ಮೈಗೆ ಒಗ್ಗುವ ಆಟ ಇನ್ನೊಂದಿರಬಹುದು.

ಮೂರು ಒಲೆಗಳು

ಎಟಿಪಿ ಇಲ್ಲದೆ ಕೆಲಸವಿಲ್ಲ ಎಂದೆವು. ಸ್ನಾಯುವಿನಲ್ಲಿ ಅದರ ದಾಸ್ತಾನು ಜೋರಾದ ಕೆಲಸಕ್ಕೆ ಎರಡು ಮೂರು ಸೆಕೆಂಡಿಗಷ್ಟೇ ಸಾಕು. ಖರ್ಚಾದಂತೆ ಮತ್ತೆ ತುಂಬಿಸಲು ಮೈಯಲ್ಲಿ ಮೂರು ಒಲೆಗಳಿವೆ.

ಮೊದಲನೆಯದು ಕ್ರಿಯಾಟಿನ್ ಫಾಸ್ಫೇಟ್. ತಟ್ಟನೆ ಹೊತ್ತಿಕೊಂಡು ಹತ್ತು ಸೆಕೆಂಡಿನ ಹೊತ್ತಿಗೆ ಬಹುಪಾಲು ಆರುತ್ತದೆ. ಸಂಗ್ರಾಣಿ ಕಲ್ಲು ಎತ್ತುವವನು, ಕಬಡ್ಡಿಯಲ್ಲಿ ಕೈ ಚಾಚಿ ಮುಟ್ಟಿ ಹಿಂದಕ್ಕೆ ನೆಗೆಯುವವನು ಉರಿಸುವುದು ಇದನ್ನು. ಎರಡನೆಯದರಲ್ಲಿ ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಅರ್ಧಂಬರ್ಧ ಒಡೆಯಲಾಗುತ್ತದೆ. ಒಂದೆರಡು ನಿಮಿಷದ ಬಿರುಸಿನ ಕೆಲಸ ಇದರ ಮೇಲೆ ನಡೆಯುತ್ತದೆ. ಮೂರನೆಯದು ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಪುಟ್ಟ ಅಂಗಗಳಲ್ಲಿ ಉರಿಯುವ ನಿಧಾನದ ಒಲೆ. ಸಕ್ಕರೆ, ಕೊಬ್ಬು ಎರಡನ್ನೂ ಆಮ್ಲಜನಕದಲ್ಲಿ ಪೂರ್ತಿ ಸುಟ್ಟು ಗಂಟೆಗಟ್ಟಲೆ ಶಕ್ತಿ ಕೊಡುತ್ತದೆ. ನಡಿಗೆ, ಹೊಲದ ಸದಿ (ಕಳೆ) ತೆಗೆಯುವುದು, ದೂರದ ಓಟ ಎಲ್ಲ ಇದರ ಪಾಲು. ಮೂರೂ ಒಲೆಗಳು ಸದಾ ಉರಿಯುತ್ತಲೇ ಇರುತ್ತವೆ. ಕೆಲಸದ ಬಿರುಸು ಮತ್ತು ಅವಧಿಗೆ ತಕ್ಕಂತೆ ಯಾವುದರ ಉರಿ ಹೆಚ್ಚು ಎಂಬುದು ಬದಲಾಗುತ್ತದೆ.

ಮಣ್ಣಿನ ಕಣದಲ್ಲಿ ಹೆಸರು ಮಾಡಿದ ಪೈಲ್ವಾನ್ ಮ್ಯಾಟಿನ ಮೇಲೆ ತಡವರಿಸುವುದನ್ನು ಇದರಿಂದ ಅರ್ಥ ಮಾಡಿಕೊಳ್ಳಬಹುದು. ಜಂಗಿ ನಿಕಾಲಿ ಕುಸ್ತಿಗೆ ಗಡಿಯಾರವಿಲ್ಲ. ಒಬ್ಬ ಚಿತ್ ಆಗುವವರೆಗೆ ನಡೆಯುತ್ತದೆ. ಎದುರಾಳಿಯ ದಮ್ಮು ಕರಗುವವರೆಗೆ ಕಾಯುವುದೇ ಅಲ್ಲಿ ಒಂದು ವಿದ್ಯೆ. ಅಂತಾರಾಷ್ಟ್ರೀಯ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡಿನ ವಿರಾಮ. ಅಲ್ಲಿ ಎರಡನೆಯ ಒಲೆ ಧಗಧಗಿಸಬೇಕು. ಒಂದೇ ವಿದ್ಯೆ, ಒಂದೇ ಮೈ, ಬೇಕಾದ ಉರಿ ಮಾತ್ರ ಬೇರೆ. ಯಾವ ಕೆಲಸಕ್ಕೆ ಪಳಗಿಸುತ್ತೇವೋ ಆ ಕೆಲಸಕ್ಕೇ ಸ್ನಾಯು ಪಳಗುತ್ತದೆ ಎಂಬುದು ವ್ಯಾಯಾಮ ವಿಜ್ಞಾನದ ಮೊದಲ ಪಾಠ.

ಮೂರನೆಯ ಒಲೆಗೆ ಗಾಳಿ ಬೇಕು. ಸ್ನಾಯುವಿಗೆ ಆ ಗಾಳಿ ತಲುಪುವುದು ರಕ್ತದ ಹಿಮೋಗ್ಲೋಬಿನ್ ಮೂಲಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹೊಲದಲ್ಲಿ ಸಾಲು ಹಿಡಿದ ಹೆಂಗಸು ಮಧ್ಯಾಹ್ನಕ್ಕೇ ಏದುಸಿರು ಬಿಟ್ಟರೆ ಅವಳ ಸ್ನಾಯುವಿನಲ್ಲಿ ಕುಂದಿರಬೇಕಿಲ್ಲ. ಒಲೆ ಸರಿಯಾಗಿದೆ, ಊದುವ ಗಾಳಿ ಸಾಲದಾಗಿದೆ. ಕಬ್ಬಿಣಾಂಶದ ಒಂದು ಗುಳಿಗೆ ಅವಳ ಪಾಲಿಗೆ ಎಷ್ಟೋ ಕಸರತ್ತಿಗಿಂತ ದೊಡ್ಡದು.

ಸುಸ್ತು, ನೋವು, ಸೆಳೆತ

ಸ್ನಾಯುವಿನ ಬಗ್ಗೆ ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ವ್ಯಾಯಾಮದ ಮರುದಿನ ಮೈ ನೋಯುವುದು ಲ್ಯಾಕ್ಟಿಕ್ ಆಮ್ಲ ಕೂಡಿಕೊಂಡದ್ದರಿಂದ ಎಂದು ಇಂದಿಗೂ ಅನೇಕ ಜಿಮ್ಮುಗಳಲ್ಲಿ ಹೇಳಿಕೊಡುತ್ತಾರೆ. ಬಿರುಸಿನ ಕೆಲಸದಲ್ಲಿ ಲ್ಯಾಕ್ಟೇಟ್ ಹೆಚ್ಚುವುದು ನಿಜ. ಆದರೆ ಕೆಲಸ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಅದು ಕಸವೂ ಅಲ್ಲ. 1980ರ ದಶಕದಲ್ಲಿ ಜಾರ್ಜ್ ಬ್ರೂಕ್ಸ್ ವಿವರಿಸಿದಂತೆ ಒಂದು ಎಳೆ ಹೊರಬಿಟ್ಟ ಲ್ಯಾಕ್ಟೇಟನ್ನು ಪಕ್ಕದ ಎಳೆಯೂ ಹೃದಯವೂ ಸೌದೆಯಾಗಿ ಬಳಸಿಕೊಳ್ಳುತ್ತವೆ.

ಹಾಗಾದರೆ ನೋವು ಎಲ್ಲಿಯದು? ರೂಢಿಯಿಲ್ಲದ ಕೆಲಸದಲ್ಲಿ, ಅದರಲ್ಲೂ ಭಾರ ಇಳಿಸುವಾಗ, ಎಳೆಗಳಲ್ಲಿ ಕಣ್ಣಿಗೆ ಕಾಣದ ಹರುಕುಗಳಾಗುತ್ತವೆ. ಅವುಗಳನ್ನು ರಿಪೇರಿ ಮಾಡುವ ಉರಿಯೂತ ಒಂದು ದಿನದ ಮೇಲೆ ಏರಿ ಮೂರನೆಯ ದಿನಕ್ಕೆ ಇಳಿಯತೊಡಗುತ್ತದೆ. ಅಮೆರಿಕದ ಥಿಯೊಡೋರ್ ಹಫ್ 1902ರಷ್ಟು ಹಿಂದೆಯೇ ಈ ತಡವಾದ ನೋವನ್ನು ಗುರುತಿಸಿ ಹರುಕಿನ ಕಡೆಗೆ ಬೆರಳು ಮಾಡಿದ್ದ. ಚೀಲ ಎತ್ತುವಾಗ ಸ್ನಾಯು ಮೋಟಾಗುತ್ತ ಎಳೆಯುತ್ತದೆ. ಅದೇ ಚೀಲವನ್ನು ನಿಧಾನವಾಗಿ ಕೆಳಗಿಡುವಾಗ ಉದ್ದವಾಗುತ್ತಲೇ ಎಳೆಯುತ್ತ, ತೂಕವನ್ನು ತಡೆದು ಹಿಡಿಯುತ್ತದೆ. ಏರುವುದಕ್ಕಿಂತ ಇಳಿಯುವುದೇ ಎಳೆಗಳಿಗೆ ಹೆಚ್ಚಿನ ಪೆಟ್ಟು. ಮೊದಲ ಸಲ ನೂರು ಬೈಠಕ್ ಹೊಡೆದ ಹುಡುಗನಿಗೆ ಎರಡನೆಯ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುವುದು ಇದರಿಂದ. ಒಂದೆರಡು ವಾರದ ಮೇಲೆ ಅದೇ ಕಸರತ್ತು ಅಷ್ಟು ನೋಯಿಸುವುದಿಲ್ಲ. ಎಳೆಗಳು ತಮ್ಮನ್ನು ಗಟ್ಟಿಮಾಡಿಕೊಂಡಿರುತ್ತವೆ.

ಕೆಲಸದ ನಡುವೆ ಬರುವ ಸುಸ್ತಿನ ಕಥೆ ಬೇರೆ. ಎಟಿಪಿ ಒಡೆದಾಗ ಉಳಿಯುವ ಫಾಸ್ಫೇಟ್ ಕೂಡುತ್ತ ಹೋಗಿ ಮಯೋಸಿನ್ ಕೈಗಳ ಹಿಡಿತ ಸಡಿಲಾಗುತ್ತದೆ, ಸಂಕೋಚನಕ್ಕೆ ಬೇಕಾದ ಕ್ಯಾಲ್ಸಿಯಂ ಬಿಡುಗಡೆ ಕುಗ್ಗುತ್ತದೆ. ತಾಸುಗಟ್ಟಲೆಯ ಕೆಲಸದಲ್ಲಿ ಗ್ಲೈಕೋಜನ್, ಅಂದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಬರಿದಾಗುತ್ತದೆ, ಮೈ ಕಾಯುತ್ತದೆ, ಮಿದುಳೇ ಅಪ್ಪಣೆ ಕಡಿಮೆ ಮಾಡುತ್ತದೆ. ಬಗ್ಗಿದ ಭಂಗಿಯಲ್ಲೇ ಉಳಿಯುವ ಕೆಲಸದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಬಿಗಿದೇ ಇರುವ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಹಿಂಡಿ ತನಗೆ ಬರುವ ರಕ್ತವನ್ನು ತಡೆಯುತ್ತದೆ. ನಡು ಬಗ್ಗಿಸಿ ದಿನವಿಡೀ ಸದಿ ತೆಗೆಯುವವರ ನಡುನೋವಿನ ಒಂದು ಬೇರು ಇಲ್ಲಿದೆ. ಗಂಟೆಗೊಮ್ಮೆ ಎದ್ದು ನಿಂತು ನಡು ಹಿಂದಕ್ಕೆ ಬಾಗಿಸುವುದನ್ನು ಮೈಗಳ್ಳತನ ಎನ್ನಬಾರದು. ರಕ್ತ ಹರಿಯಲು ಅಷ್ಟು ಎಡೆ ಬೇಕು.

ಸೆಳೆತಕ್ಕೆ ಉಪ್ಪು, ಪೊಟ್ಯಾಸಿಯಂ ಕಡಿಮೆಯಾದದ್ದೇ ಕಾರಣ ಎನ್ನುವುದು ಅರ್ಧ ಸತ್ಯ. ದಕ್ಷಿಣ ಆಫ್ರಿಕಾದ ದೂರದ ಓಟಗಾರರ ಮೇಲೆ ನಡೆದ ಅಧ್ಯಯನಗಳಲ್ಲಿ ಸೆಳೆತ ಬಂದವರ ಮತ್ತು ಬಾರದವರ ರಕ್ತದ ಲವಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದಣಿದ ಸ್ನಾಯುವಿಗೆ ನರದ ಅಪ್ಪಣೆ ಹದ ತಪ್ಪುವುದೇ ಮುಖ್ಯ ಕಾರಣ ಎಂಬ ಅಭಿಪ್ರಾಯ ಈಗ ಬಲವಾಗಿದೆ. ವಿಪರೀತ ಬೆವರಿದವರಲ್ಲಿ ಉಪ್ಪಿನ ಕೊರತೆಯೂ ಸೇರಿಕೊಳ್ಳಬಹುದು. ಹಿಡಿದುಕೊಂಡ ಮೀನಖಂಡವನ್ನು ಮೆಲ್ಲಗೆ ಚಾಚಿದರೆ ಬಿಡುತ್ತದೆ ಎಂಬ ಹಳೆಯ ಅನುಭವ ನರದ ವಿವರಣೆಗೇ ಹೆಚ್ಚು ಹೊಂದುತ್ತದೆ.

ಪಳಗುವ ಬಗೆ

ತಾಲೀಮು ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ತೋಳಿನ ಸುತ್ತಳತೆ ಹೆಚ್ಚುವುದಿಲ್ಲ, ಎತ್ತುವ ತೂಕ ಮಾತ್ರ ಹೆಚ್ಚುತ್ತದೆ. ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲಿ ಇದನ್ನು ಅಳೆದು ತೋರಿಸಿದರು. ಮೊದಲು ಕಲಿಯುವುದು ನರ. ಹೆಚ್ಚು ತಂಡಗಳನ್ನು ಒಟ್ಟಿಗೆ ಕರೆಯಲು, ಎದುರಿನ ಸ್ನಾಯುವನ್ನು ಸಡಿಲ ಬಿಡಲು ಅದು ಕಲಿಯುತ್ತದೆ. ರೊಟ್ಟಿ ಬಡಿಯುವ ಕೈಯನ್ನೇ ನೋಡಿ. ಹೊಸದಾಗಿ ಕಲಿಯುವ ಹುಡುಗಿಯ ಭುಜ ಮೂರು ರೊಟ್ಟಿಗೇ ಸೋಲುತ್ತದೆ. ತಾಯಿ ಮೂವತ್ತು ಬಡಿದರೂ ಮಾತಾಡುತ್ತಲೇ ಇರುತ್ತಾಳೆ. ತಾಯಿಯ ತೋಳು ಮಗಳ ತೋಳಿಗಿಂತ ದಪ್ಪವೇನಲ್ಲ. ಬೇಡದ ಸ್ನಾಯುವನ್ನು ಬಿಗಿಯದೆ, ಬೇಕಾದಷ್ಟನ್ನೇ ಬಳಸುವ ಮಿತವ್ಯಯ ಅವಳಿಗೆ ಕೈವಶವಾಗಿದೆ.

ನರದ ಪಾಠವಾದ ಮೇಲೆ ಎಳೆಗಳು ದಪ್ಪವಾಗತೊಡಗುತ್ತವೆ. ಹರುಕುಗಳನ್ನು ಹೊಲಿಯಲು, ಹೊಸ ಪ್ರೋಟೀನ್ ಕಟ್ಟಲು ಎಳೆಯ ಅಂಚಿನಲ್ಲಿ ಮಲಗಿರುವ ಉಪಕೋಶಗಳು ಎಚ್ಚರಗೊಳ್ಳುತ್ತವೆ. ಇವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೋ ಗುರುತಿಸಿದರು. ದೂರದ ಓಟ, ಸೈಕಲ್‌ನಂಥ ತಾಲೀಮಿಗೆ ಸ್ನಾಯು ಕೊಡುವ ಉತ್ತರ ಇನ್ನೊಂದು. ಜಾನ್ ಹೊಲೊಸ್ಜಿ 1967ರಲ್ಲಿ ಓಡಿಸಿ ಪಳಗಿಸಿದ ಇಲಿಗಳ ಸ್ನಾಯುಗಳನ್ನು ನೋಡಿದಾಗ ಮೈಟೋಕಾಂಡ್ರಿಯಾಗಳ ಉಸಿರಾಟದ ಸಾಮರ್ಥ್ಯ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಭಾರಕ್ಕೆ ಎಳೆ ದಪ್ಪವಾಗುತ್ತದೆ, ದೂರಕ್ಕೆ ಒಲೆ ಹೆಚ್ಚುತ್ತದೆ. ತಾಕತ್ತಿನ ದಾರಿ ಒಂದು, ದಮ್ಮಿನ ದಾರಿ ಇನ್ನೊಂದು.

ಆದರೆ ಎರಡೂ ದಾರಿಗೆ ಸೇರಿದ ಒಂದು ನಿಯಮವಿದೆ. ಸ್ನಾಯು ಬೆಳೆಯುವುದು ಕೆಲಸದ ಹೊತ್ತಿನಲ್ಲಲ್ಲ, ಕೆಲಸ ಬಿಟ್ಟ ಹೊತ್ತಿನಲ್ಲಿ. ಒಂದು ಒಳ್ಳೆಯ ತಾಲೀಮಿನ ಮೇಲೆ ಹೊಸ ಪ್ರೋಟೀನ್ ಕಟ್ಟುವ ಕೆಲಸ ಒಂದೆರಡು ದಿನ ಚುರುಕಾಗಿರುತ್ತದೆ. ಆ ಅವಧಿಯಲ್ಲಿ ಊಟ, ನಿದ್ದೆ, ಬಿಡುವು ಸಿಕ್ಕಿದರೆ ಎಳೆ ಹಿಂದಿಗಿಂತ ಗಟ್ಟಿಯಾಗುತ್ತದೆ. ಸಿಗದಿದ್ದರೆ ಹರುಕಿನ ಮೇಲೆ ಹರುಕು.

ಹಮಾಲನ ಪ್ರಶ್ನೆಗೆ ಉತ್ತರ ಇಲ್ಲಿಂದ ತೆರೆಯುತ್ತದೆ. ಜಿಮ್ಮಿನ ಹುಡುಗ ಎಂಟು ಹತ್ತು ಸಲ ಎತ್ತಿ ನಿಲ್ಲಿಸುತ್ತಾನೆ, ಎರಡು ಮೂರು ನಿಮಿಷ ಕೂರುತ್ತಾನೆ, ಕಾಲಿಗೆ ಕೊಟ್ಟ ತಾಲೀಮನ್ನು ಮರುದಿನ ಕಾಲಿಗೇ ಕೊಡುವುದಿಲ್ಲ, ತೂಕವನ್ನು ವಾರಕ್ಕೆ ಇಷ್ಟಿಷ್ಟು ಏರಿಸುತ್ತಾನೆ. ಹಮಾಲನ ಚೀಲದ ತೂಕ ಮೊದಲ ದಿನವೂ ಕೊನೆಯ ದಿನವೂ ಅದೇ. ನೂರನೆಯ ಚೀಲ ಹೊರುವಾಗ ದಣಿದ ನಡು ಬಾಗಿರುತ್ತದೆ. ಸ್ನಾಯು ಬಿಟ್ಟುಕೊಟ್ಟ ಭಾರ ಬೆನ್ನೆಲುಬಿನ ಗಾದಿಗೂ ಮೊಣಕಾಲ ಕೀಲಿಗೂ ಬೀಳುತ್ತದೆ. ಚೀಲಕ್ಕಿಷ್ಟು ಎಂಬ ಕೂಲಿಯಲ್ಲಿ ಬಿಡುವು ಎಂದರೆ ಕಳೆದುಕೊಂಡ ಹಣ. ಕೋಪನ್‌ಹೇಗನ್ನಿನಲ್ಲಿ 1,04,046 ಜನರನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವ್ಯಾಯಾಮಕ್ಕೂ ದುಡಿಮೆಗೂ ಇರುವ ಈ ವ್ಯತ್ಯಾಸವನ್ನು ಹೃದಯದ ಮಟ್ಟದಲ್ಲೂ ಕಂಡಿತು. ಬಿಡುವಿನಲ್ಲಿ ಮೈ ದಂಡಿಸುವವರಲ್ಲಿ ಹೃದಯಾಘಾತ ಮತ್ತು ಸಾವಿನ ಅಪಾಯ ಕಡಿಮೆ. ದುಡಿಮೆಗಾಗಿ ಮೈ ದಂಡಿಸುವವರಲ್ಲಿ ಹೆಚ್ಚು. ದುಡಿಮೆಯೇ ವ್ಯಾಯಾಮ, ಕೂಲಿಯವನಿಗೆ ಬೇರೆ ಆರೋಗ್ಯ ಯಾಕೆ ಎಂದು ಹಗುರವಾಗಿ ಆಡುವ ಮಾತನ್ನು ನಾವು ಇನ್ನಾದರೂ ಬಿಡಬೇಕು.

ಈ ತಿಳಿವಳಿಕೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕಮಲಾಪುರದ ಮೇಲೆ ಹಾದು ಹುಮನಾಬಾದಿಗೆ ಹೋಗುವ ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಅದರಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಲಾಗಿದೆ. ಭಾರ ಎತ್ತುವ ಭಾರಶ್ರಮ, ತಿರುಗಾಡುವ ಭ್ರಮಣಶ್ರಮ, ನೀರಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಶ್ರಮವನ್ನೂ ಬೇರೆ ಬೇರೆ ಮಾಡಲಾಗಿದೆ. ಜಟ್ಟಿಗಳಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವ ಹೊಣೆ ಅರಸನದು. ಶ್ರಮಕ್ಕೆ ತಕ್ಕ ವಿಂಗಡಣೆ, ಶ್ರಮಕ್ಕೆ ತಕ್ಕ ಊಟ: ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದ ಮಲ್ಲರಿಗೆ ಸಿಗುತ್ತಿದ್ದ ಈ ಆರೈಕೆ ಇಂದಿನ ದುಡಿಯುವ ಮೈಗಳಿಗೆ ಸಿಗುತ್ತಿಲ್ಲ.

ರೊಟ್ಟಿ, ಬೇಳೆ, ಬಾಳೆ

ಊಟದ ಮಾತಿಗೆ ಬಂದರೆ ಕಲಬುರಗಿಯ ತಾಟು ಕಡೆಗಣಿಸುವಂಥದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು; 60 ಕಿಲೋದವರಿಗೆ ಸುಮಾರು 50 ಗ್ರಾಂ. ಜೋಳದ ಹಿಟ್ಟಿನಲ್ಲಿ 100 ಗ್ರಾಮಿಗೆ ಸುಮಾರು 10 ಗ್ರಾಂ ಪ್ರೋಟೀನ್, ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ. ದಿನಕ್ಕೆ ಕಾಲು ಕಿಲೋ ಹಿಟ್ಟಿನ ನಾಲ್ಕು ರೊಟ್ಟಿಯಿಂದ 25, ಅರವತ್ತು ಗ್ರಾಂ ಬೇಳೆಯಿಂದ 13, ಹಿಡಿ ಶೇಂಗಾ ಹಿಂಡಿಯಿಂದ 6, ಒಂದು ಬಟ್ಟಲು ಮೊಸರಿನಿಂದ 6. ಲೆಕ್ಕ ಸರಿಯಾಗಿ ಐವತ್ತಕ್ಕೆ ಬಂತು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ತೊಗರಿಯಲ್ಲಿ ಅದು ಧಾರಾಳ. ರೊಟ್ಟಿಯ ಪಕ್ಕ ಬೇಳೆ ಬಿದ್ದಾಗ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ತಾಲೀಮು ಮಾಡುವವರಿಗೆ ಇಷ್ಟು ಸಾಲದು. ಸ್ಟುವರ್ಟ್ ಫಿಲಿಪ್ಸ್ ಮತ್ತು ಸಂಗಡಿಗರು 49 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ನೋಡಿದಾಗ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳವಣಿಗೆಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗೆಂದರೆ 60 ಕಿಲೋದವರಿಗೆ 96 ಗ್ರಾಂ. ಮೊಟ್ಟೆ, ಹಾಲು, ಮೊಳಕೆ ಬಂದ ಕಾಳು, ಹೆಚ್ಚಿನ ಬೇಳೆಯಿಂದ ಇದನ್ನು ಮುಟ್ಟಬಹುದು. ತಿಂಗಳ ಸಂಬಳದ ದೊಡ್ಡ ಪಾಲು ಸುರಿದು ಡಬ್ಬಿ ಪುಡಿ ಕೊಳ್ಳುವ ಹುಡುಗರು ಮೊದಲು ಮನೆಯ ತಾಟು ನೋಡಿಕೊಳ್ಳಲಿ. ಮೈ ಬೇಗ ಉಬ್ಬಿಸುವ ಸ್ಟೀರಾಯ್ಡ್ ಚುಚ್ಚುಮದ್ದುಗಳಂತೂ ಹೃದಯವನ್ನೂ ಯಕೃತ್ತನ್ನೂ ಹಾಳುಮಾಡುತ್ತವೆ, ವೃಷಣಗಳನ್ನು ಕುಗ್ಗಿಸುತ್ತವೆ. ಅವನ್ನು ಕೊಡುವ ಕೈ ಎಷ್ಟೇ ಪರಿಚಿತವಾಗಿದ್ದರೂ ದೂರ ತಳ್ಳಬೇಕು.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದೇ ಮನ್ನಣೆ ಪಡೆದ ಜಿಲ್ಲೆಯ ಇನ್ನೊಂದು ಬೆಳೆ ಕಮಲಾಪುರದ ಕೆಂಪು ಬಾಳೆ. ಸುತ್ತಲೂ ಎರೆ ಭೂಮಿ ಹರಡಿದ ನಾಡಿನಲ್ಲಿ ಕಮಲಾಪುರದ ಕೆಂಪು ಮಣ್ಣು ಬೆಳೆಸುವ ಈ ಹಣ್ಣಿಗೆ ಬೆಲೆಯೂ ಹೆಚ್ಚು, ಬೇಡಿಕೆಯೂ ಹೆಚ್ಚು. ಸ್ನಾಯುವಿಗೆ ಬಾಳೆ ಏಕೆ ಒಳ್ಳೆಯದು? ಎಲ್ಲರೂ ಪೊಟ್ಯಾಸಿಯಂ ಹೆಸರು ಹೇಳುತ್ತಾರೆ. ನಿಜವಾದ ಲಾಭ ಅದರ ಸಕ್ಕರೆಯಲ್ಲಿದೆ. ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಗ್ಲೈಕೋಜನ್ ಇದ್ದರೆ ಯಕೃತ್ತಿನಲ್ಲಿ 100 ಗ್ರಾಂ. ಬಿರುಸಿನ ಓಟಕ್ಕೆ ಒಂದೂವರೆ ಎರಡು ಗಂಟೆಗೆ ಇದು ಖಾಲಿ. ಅಮೆರಿಕದ ಡೇವಿಡ್ ನೀಮನ್ ತಂಡ 2012ರಲ್ಲಿ 14 ಪಳಗಿದ ಸೈಕಲ್ ಸವಾರರನ್ನು 75 ಕಿಲೋಮೀಟರ್ ಓಡಿಸಿ, ಒಮ್ಮೆ ಬಾಳೆಹಣ್ಣು ಮತ್ತೊಮ್ಮೆ ಡಬ್ಬಿಯ ಪಾನೀಯ ಕೊಟ್ಟು ನೋಡಿತು. ಎರಡರಲ್ಲೂ ಸವಾರರ ವೇಗ ಒಂದೇ. ಆ ಅಧ್ಯಯನದಲ್ಲಿದ್ದದ್ದು ಸಾಮಾನ್ಯ ಬಾಳೆ, ಕಮಲಾಪುರದ್ದಲ್ಲ. ಆದರೂ ದೂರ ಓಡುವ ನಮ್ಮ ಹುಡುಗ ಹುಡುಗಿಯರ ಕಿಸೆಗೆ ಬಣ್ಣದ ಬಾಟಲಿಗಿಂತ ನಮ್ಮ ತೋಟದ ಹಣ್ಣು ಏನೂ ಕಡಿಮೆಯಲ್ಲ ಎಂದು ಹೇಳಲು ಅದು ಸಾಕು.

ಬಿಸಿಲ ನಾಡಿನ ಸ್ನಾಯು

ಸ್ನಾಯು ಬಹಳ ಬಿಸಿಯಾಗುವ ಯಂತ್ರ. ಸುಟ್ಟ ಶಕ್ತಿಯಲ್ಲಿ ಕಾಲು ಪಾಲಷ್ಟೇ ಕೆಲಸವಾಗುತ್ತದೆ. ಮುಕ್ಕಾಲು ಪಾಲು ಶಾಖ. 60 ಕಿಲೋದವನೊಬ್ಬ 10 ಕಿಲೋಮೀಟರ್ ಓಡಿದರೆ ಸುಮಾರು 600 ಕಿಲೋ ಕ್ಯಾಲರಿ ಖರ್ಚು, ಅದರಲ್ಲಿ ಕನಿಷ್ಠ 450 ಮೈಯಿಂದ ಹೊರಹೋಗಬೇಕಾದ ಬಿಸಿ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಹೊತ್ತೊಯ್ಯುತ್ತದೆ. ಅಂದರೆ ಮುಕ್ಕಾಲು ಲೀಟರಿಗೂ ಹೆಚ್ಚು ಬೆವರು ಚರ್ಮದ ಮೇಲೆಯೇ ಆರಬೇಕು. ತೊಟ್ಟಿಕ್ಕಿ ಹೋದದ್ದು ಲೆಕ್ಕಕ್ಕಿಲ್ಲ. ಏಪ್ರಿಲ್–ಮೇನಲ್ಲಿ ಕಲಬುರಗಿಯ ಗಾಳಿ 42–43 ಡಿಗ್ರಿಗೆ ಏರಿದಾಗ ಅದು ಮೈಗಿಂತ ಬಿಸಿ, ಮೈಯ ಶಾಖವನ್ನು ಎಳೆದುಕೊಳ್ಳುವ ಬದಲು ತನ್ನದನ್ನೇ ಸೇರಿಸುತ್ತದೆ. ಆಗ ಬೆವರೊಂದೇ ಗತಿ. ಚರ್ಮ ತಣಿಸಲು ರಕ್ತ ಅಲ್ಲಿಗೆ ಹರಿದರೆ ಸ್ನಾಯುವಿಗೆ ಕಡಿಮೆ. ಬೆವರಿಳಿದಂತೆ ರಕ್ತದ ನೀರೂ ಕಡಿಮೆ. ಚೈತ್ರದಲ್ಲಿ ಆಡಿದ ಆಟ ವೈಶಾಖದಲ್ಲಿ ಕುಂದುವುದು ಮನಸ್ಸಿನ ಸೋಲಲ್ಲ.

ಮೈ ಬಿಸಿಲಿಗೂ ಪಳಗುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋದರೆ 10ರಿಂದ 14 ದಿನದಲ್ಲಿ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ನಾಡಿಯ ಓಟ ಇಳಿಯುತ್ತದೆ. ಆದರೆ ಇದಕ್ಕೂ ಮೇರೆಯಿದೆ. ತೊದಲು ಮಾತು, ಗಲಿಬಿಲಿ, ಎಚ್ಚರ ತಪ್ಪುವುದು ಕಂಡರೆ ಅದು ಬಿಸಿಲ ಹೊಡೆತ. ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುತ್ತಾರೆ. ಫ್ಯಾನಿನ ಕೆಳಗೆ ಕೂತವರಿಗೆ ಇರುವ ಈ ಕಾಳಜಿ ಗಂಜಿನ ಹಲಗೆಯ ಮೇಲೆ, ರಸ್ತೆಯ ಡಾಂಬರಿನ ಮೇಲೆ ದುಡಿಯುವವರಿಗೂ ತಲುಪಬೇಕು. ಶಾಖ ಹೆಚ್ಚು ಹುಟ್ಟುವುದು ಅವರ ಮೈಯಲ್ಲಿ.

ವಯಸ್ಸು, ಸಕ್ಕರೆ ಮತ್ತು ನಾವು

ಕುಳಿತು ದುಡಿಯುವವರಿಗೂ ಈ ಕಥೆಯಲ್ಲಿ ಪಾಲಿದೆ. ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸ್ನಾಯು ಕರಗುತ್ತ ಹೋಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. 1989ರಲ್ಲಿ ಇರ್ವಿನ್ ರೋಸನ್‌ಬರ್ಗ್ ಇದಕ್ಕೆ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಮೊದಲು ಸೊರಗುವುದು ವೇಗದ ಎಳೆಗಳು. ಮುಗ್ಗರಿಸಿದಾಗ ತಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳುವ ಚಲಾಕಿ ಹೋಗುತ್ತದೆ. ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾಳೆ. ಇದಕ್ಕೆ ಮದ್ದಿಲ್ಲವೆಂಬ ನಂಬಿಕೆಯನ್ನು ಮರಿಯಾ ಫಿಯಟರೋನ್ 1990ರಲ್ಲಿ ಮುರಿದರು. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಾಗ ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿತು. ತೊಂಬತ್ತರಲ್ಲೂ ಸ್ನಾಯು ಕಲಿಯುತ್ತದೆ.

ಸ್ನಾಯು ನಮ್ಮ ಮೈಯ ಅತಿ ದೊಡ್ಡ ಸಕ್ಕರೆ ಕಣಜವೂ ಹೌದು. ಉಂಡ ಸಕ್ಕರೆಯ ಹೆಚ್ಚಿನ ಪಾಲು ಇನ್ಸುಲಿನ್ ಮೂಲಕ ಸೇರುವುದು ಅಲ್ಲಿಗೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ಸಹಾಯವಿಲ್ಲದೆಯೂ ಬಾಗಿಲು ತೆರೆದು ಸಕ್ಕರೆ ಎಳೆದುಕೊಳ್ಳುತ್ತದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. ಹೊರನೋಟಕ್ಕೆ ತೆಳ್ಳಗಿದ್ದು ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು ಎಂಬುದು ನಮ್ಮ ಜನರ ಮೈಯ ಒಂದು ದೌರ್ಬಲ್ಯ. ಊಟವಾದ ಮೇಲೆ ಅಪ್ಪನ ಕೆರೆಯ ದಂಡೆಯಲ್ಲಿ ಹತ್ತು ಹದಿನೈದು ನಿಮಿಷ ನಡೆಯುವುದು ಅದಕ್ಕೊಂದು ಮದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕಸರತ್ತು ಇರಲಿ ಎಂದಿತು. ನಡಿಗೆಯನ್ನು ನಮ್ಮ ಊರು ಒಪ್ಪಿಕೊಂಡಿದೆ. ಎರಡನೆಯ ಮಾತು, ಅದರಲ್ಲೂ ಹೆಂಗಸರ ವಿಷಯದಲ್ಲಿ, ಇನ್ನೂ ಕಿವಿಗೆ ಬಿದ್ದಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದರಿಂದ ಇಂದೇ ಶುರುಮಾಡಬಹುದು.

ಕೊನೆಗೆ ಮತ್ತೆ ಗಂಜಿಗೆ ಬರೋಣ. ಬಲವಾದ ಸ್ನಾಯುವಿಗೆ ಮೂರು ಬೇಕು: ಹದವಾದ ಭಾರ, ಸಾಕಷ್ಟು ಊಟ, ಸಾಕಷ್ಟು ಬಿಡುವು. ಕಚೇರಿಯ ನಮಗೆ ಊಟವೂ ಬಿಡುವೂ ಇದೆ, ಭಾರವಿಲ್ಲ. ಹಮಾಲನಿಗೆ, ಸಾಲು ಹಿಡಿದ ಹೆಂಗಸಿಗೆ ಭಾರವೊಂದೇ ಇದೆ. ನಮ್ಮ ಕೊರತೆಯನ್ನು ನಾವೇ ತುಂಬಿಕೊಳ್ಳಬಹುದು. ಅವರ ಕೊರತೆ ಅವರೊಬ್ಬರಿಂದ ತುಂಬುವಂಥದ್ದಲ್ಲ. ನೆರಳು, ನೀರು, ಚೀಲ ಸಾಗಿಸುವ ಕೈಗಾಡಿ, ಮಧ್ಯಾಹ್ನದ ಊಟ, ಕೂಲಿ ಕಡಿಯದ ವಿರಾಮ ಇವನ್ನು ಕೊಡಬೇಕಾದದ್ದು ಅವರ ಬೆನ್ನಿನ ಮೇಲೆ ನಡೆಯುವ ವ್ಯಾಪಾರ, ಅವರು ಹೊತ್ತ ಬೇಳೆ ಉಣ್ಣುವ ಊರು.

ಚೀಲ ಇಳಿಸಿ ಏದುಸಿರು ಬಿಡುವವನಿಗೆ ಪಕ್ಕದವನು ಹೇಳುವ ಮಾತು ಒಂದಿದೆ: “ಸ್ವಲ್ಪ ದಮ್ ತಗೋ.” ನಮ್ಮ ಭಾಷೆಯಲ್ಲಿ ತಾಳಿಕೆಗೂ ದಮ್ಮು ಎನ್ನುತ್ತೇವೆ, ವಿಶ್ರಾಂತಿಗೂ ದಮ್ಮು ಎನ್ನುತ್ತೇವೆ. ಒಂದನ್ನು ತೆಗೆದುಕೊಂಡವನಿಗೇ ಇನ್ನೊಂದು ದಕ್ಕುತ್ತದೆ ಎಂಬುದು ಸ್ನಾಯುವಿನ ಒಂದೊಂದು ಎಳೆಯೂ ಸಾರುವ ಸತ್ಯ. ಆ ಮಾತು ಹೇಳುವ ಸ್ವಾತಂತ್ರ್ಯ, ಕೇಳಿದವನಿಗೆ ಕೂರುವ ಅವಕಾಶ ನಮ್ಮ ಗಂಜಿನಲ್ಲೂ ಹೊಲದಲ್ಲೂ ಎಲ್ಲರಿಗೂ ಸಿಗಲಿ.